ಬಂದೂಕಿನ ಕೌಂಟರಿನ ಆಂಟಿ

ಆಂಟಿ ಹೋದ ಸುದ್ದಿಯನ್ನು ಅವರ ಮಗಳು ಫೋನಿನಲ್ಲಿ ಹೇಳಿದಾಗ ನಾನು ಆಸ್ಟಿನ್ನಿನ ಒಂದು ಇಂಡಿಯನ್ ಅಂಗಡಿಯಲ್ಲಿ ಹುರಿಗಡಲೆ ಹುಡುಕುತ್ತಿದ್ದೆ. "ಅಮ್ಮ ಮಧ್ಯಾಹ್ನ ಊಟಾ ಮಾಡಿ ಮಲಗಿದ್ಳು, ಏಳಲಿಲ್ಲ," ಎಂದಳು. ಬುಟ್ಟಿಯನ್ನು ಅಲ್ಲೇ ಇಟ್ಟು ಹೊರಗೆ ಬಂದು ಕಾರಿನಲ್ಲಿ ಕುಳಿತೆ. ಗಾಜಿನಾಚೆ ಜನ ಗಾಡಿ ತಳ್ಳಿಕೊಂಡು ಓಡಾಡುತ್ತಿದ್ದರು. ಎಲ್ಲರೂ ನೀರಿನೊಳಗೆ ನಡೆಯುವವರ ಹಾಗೆ ನಿಧಾನವಾಗಿ ಕಂಡರು. ಎಷ್ಟೋ ವರ್ಷಗಳ ಹಿಂದೆ ನಾನೂ ಒಂದಷ್ಟು ದಿನ ಹಾಗೇ ಓಡಾಡಿದ್ದೆ. ಅಲ್ಲಿಂದ ನನ್ನನ್ನು ಬ್ಯಾಗಿನ ಪಟ್ಟಿ ಹಿಡಿದು ಹೊರಗೆಳೆದವರು ಆಂಟಿ.

ಅವರ ಹೆಸರು ಬರೆಯುವುದಿಲ್ಲ. ಡಲ್ಲಾಸ್ ಪಕ್ಕದ ರಿಚರ್ಡ್‌ಸನ್ನಿನ ಕನ್ನಡದವರಿಗೆಲ್ಲ ಅವರು ಬರೀ ಆಂಟಿ. ಗದಗಿನ ಕಡೆಯವರು, ಅಲ್ಲಿ ಹೈಸ್ಕೂಲಿನಲ್ಲಿ ಟೀಚರಾಗಿದ್ದವರು. ಗಂಡ ಸಿವಿಲ್ ಎಂಜಿನಿಯರ್, ನಾನು ಟೆಕ್ಸಸ್ಸಿಗೆ ಬರುವ ಮೊದಲೇ ತೀರಿಕೊಂಡಿದ್ದರು. ಮಗಳು ಮದುವೆಯಾಗಿ ಹ್ಯೂಸ್ಟನ್ ಕಡೆ ಹೋದ ಮೇಲೆ ಆಂಟಿ ಒಬ್ಬರೇ ಟ್ರೇನ್ ಸ್ಟೇಷನ್ನಿನ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ಉಳಿದರು. ತೊಂಬತ್ತೊಂಬತ್ತರಲ್ಲಿ ನಾನೂ ನನ್ನ ಹೆಂಡತಿಯೂ ಬಂದಿಳಿದದ್ದು ಅವರ ಮೇಲಿನ ಮನೆಗೆ. ಮೊದಲ ದಿನವೇ ಬಾಗಿಲು ತಟ್ಟಿ, "ಮ್ಯಾಲೆ ದಪದಪ ನಡೀಬ್ಯಾಡ್ರಿ, ಕೆಳಗ ನಾ ಇರತೀನಿ," ಎಂದು ಹೇಳಿ, ಕೈಗೆ ಒಂದು ಡಬ್ಬಿ ಶೇಂಗಾ ಚಟ್ನಿ ಕೊಟ್ಟು ಹೋದರು. ಬೈಗುಳವೂ ಉಡುಗೊರೆಯೂ ಒಟ್ಟಿಗೆ ಬರುವುದು ಅವರಲ್ಲಿ ಮಾಮೂಲು ಎಂದು ಆಮೇಲೆ ತಿಳಿಯಿತು.

ಅವರು ಏನು ಕೆಲಸ ಮಾಡುತ್ತಾರೆಂದು ನನಗೆ ತಿಳಿದದ್ದು ಒಂದು ವರ್ಷದ ನಂತರ. ಆಫೀಸಿನವರ ಜೊತೆ ಕ್ಯಾಂಪಿಂಗಿಗೆ ಹೊರಟು, ಟೆಂಟ್ ಕೊಳ್ಳಲು ಹೈವೇ ಪಕ್ಕದ ದೊಡ್ಡ ಅಂಗಡಿಗೆ ಹೋಗಿದ್ದೆ. ಬೇಟೆ, ಮೀನು ಹಿಡಿಯುವುದು, ಕಾಡಿನಲ್ಲಿ ಮಲಗುವುದು, ಎಲ್ಲದರ ಸಾಮಾನು ಸಿಗುವ ಅಂಗಡಿ. ಗೋಡೆಯ ತುಂಬ ಜಿಂಕೆಯ ತಲೆಗಳು, ನಡುವೆ ಒಂದು ಕೋಣೆಯಷ್ಟು ದೊಡ್ಡ ಮೀನಿನ ತೊಟ್ಟಿ. ಹಿಂದಿನ ಗೋಡೆಯುದ್ದಕ್ಕೂ ಬಂದೂಕುಗಳು ನಿಂತಿದ್ದವು. ಅವುಗಳ ಮುಂದೆ ಗಾಜಿನ ಕೌಂಟರಿನ ಹಿಂದೆ ಖಾಕಿ ಅಂಗಿ, ಬಿಗಿಯಾದ ತುರುಬು, ಹಣೆಯ ಮೇಲೆ ಗಂಡ ಹೋದ ಮೇಲೂ ಬಿಡದ ಕಾಸಿನಗಲ ಕುಂಕುಮ ಇಟ್ಟುಕೊಂಡು ಆಂಟಿ ನಿಂತಿದ್ದರು. ಆರಡಿ ಎತ್ತರದ ಒಬ್ಬ ಟೋಪಿಯವನಿಗೆ ಏನೋ ಗದರುತ್ತಿದ್ದರು.

"ಆಂಟಿ, ನೀವು ಇಲ್ಲಿ?"

"ಯಾಕ? ಸಕ್ಕರಿ ಬ್ಯಾನಿ ಇದ್ದಾಂವ ಪೇಡೆ ಮಾರಬಾರದೇನು? ನಾ ಹುಟ್ಟಿ ಒಂದೂ ಗುಂಡು ಹಾರಿಸಿಲ್ಲಪಾ. ಇವರಿಗೆ ಫಾರ್ಮ್ ತುಂಬಾಕ ಬರೂದಿಲ್ಲ, ಅದಕ್ಕ ನನ್ನ ಇಟ್ಟಾರ."

ಅದು ನಿಜವೇ. ಅವರನ್ನು ಮೊದಲು ತೆಗೆದುಕೊಂಡದ್ದು ಮೀನಿನ ಗಾಳಗಳ ವಿಭಾಗಕ್ಕೆ. ಬಂದೂಕು ಕೊಳ್ಳುವವರು ಸರ್ಕಾರದ ಒಂದು ಉದ್ದನೆಯ ಫಾರ್ಮ್ ತುಂಬಬೇಕು. ಅದರಲ್ಲಿ ಒಂದು ತಪ್ಪಿದ್ದರೂ ಅಂಗಡಿಯವರಿಗೆ ತಲೆನೋವು. ಉತ್ತರಪತ್ರಿಕೆ ನೋಡಿ ಪಳಗಿದ ಆಂಟಿಯ ಕಣ್ಣನ್ನು ಕಂಡ ಮ್ಯಾನೇಜರ್ ಅವರನ್ನು ಈ ಕೌಂಟರಿಗೆ ಹಾಕಿದ್ದ. ತಪ್ಪು ಸಿಕ್ಕ ಕಡೆ ಉಗುರಿನಿಂದ ಒಂದು ಗೆರೆ ಎಳೆದು, ಕಾಗದವನ್ನು ತಿರುಗಿಸಿ ಕೊಳ್ಳುವವನ ಮುಂದೆ ಇಡುತ್ತಿದ್ದರು. ಕೌಂಟಿ ಯಾವುದು ಎಂದು ಕೇಳಿದ ಜಾಗದಲ್ಲಿ ಅರ್ಧಕ್ಕರ್ಧ ಜನ ಕಂಟ್ರಿ ಎಂದು ಓದಿಕೊಂಡು ದೇಶದ ಹೆಸರು ಬರೆಯುತ್ತಿದ್ದರಂತೆ. "ದೇಶದ ಸಲುವಾಗಿ ಜೀವಾ ಕೊಡತೀನಿ ಅಂತಾರ, ದೇಶ ಯಾವುದು ಜಿಲ್ಲಾ ಯಾವುದು ತಿಳಿಯಂಗಿಲ್ಲ," ಎಂದು ನಗುತ್ತಿದ್ದರು.

ಅವರ ಕುಂಕುಮ ಆ ಅಂಗಡಿಯಲ್ಲಿ ಹೆಸರುವಾಸಿ. ಬಂದೂಕಿಗೆ ಗುರಿ ಹಿಡಿಯಲು ಕೆಂಪು ಚುಕ್ಕೆ ತೋರಿಸುವ ಒಂದು ಯಂತ್ರ ಸಿಗುತ್ತದೆ. ಯಾರೋ ಒಬ್ಬ ಗಿರಾಕಿ, "ಮೇಡಂ, ನಿಮಗೆ ಯಾರೋ ಗುರಿ ಹಿಡಿದಿದ್ದಾರೆ," ಎಂದು ತಮಾಷೆ ಮಾಡಿದ್ದನಂತೆ. ಆಂಟಿ ಫಾರ್ಮಿನಿಂದ ತಲೆ ಎತ್ತದೆಯೇ, "ನೀ ಮೊದಲು ಈ ಕಾಗದದ ಮ್ಯಾಲೆ ಗುರಿ ಇಡು, ಮೂರನೇ ಪ್ರಶ್ನೆ ತಪ್ಪೀದಿ," ಎಂದಿದ್ದರು. ಆಯುಧಪೂಜೆಯ ದಿನ ಅವರು ಅರಿಶಿನ ಕುಂಕುಮವನ್ನು ಪರ್ಸಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಆದರೆ ಗೋಡೆಯ ಮೇಲಿನ ಒಂದು ಬಂದೂಕಿಗೂ ಹಚ್ಚುತ್ತಿರಲಿಲ್ಲ. ಸ್ಟೇಪ್ಲರಿಗೆ, ಬಾರ್‌ಕೋಡ್ ಓದುವ ಯಂತ್ರಕ್ಕೆ, ತಮ್ಮ ಪೆನ್ನಿಗೆ ಒಂದೊಂದು ಚುಕ್ಕೆ. "ನನ್ನ ಆಯುಧ ಇವು. ಅವು ಅವರವು."

ಬಂದೂಕು ಮಾರುವ ಈ ಹೆಂಗಸಿಗೆ ಹೈವೇ ಎಂದರೆ ಜೀವಭಯ. ಡಲ್ಲಾಸಿನಲ್ಲಿ ಇಪ್ಪತ್ತು ವರ್ಷ ಇದ್ದೂ ಅವರು ಒಮ್ಮೆಯೂ ಹೈವೇಗೆ ಕಾರು ಹತ್ತಿಸಿದವರಲ್ಲ. ಎಲ್ಲಿಗೆ ಹೋಗುವುದಿದ್ದರೂ ಪಕ್ಕದ ಸರ್ವೀಸ್ ರೋಡಿನಲ್ಲಿ, ಪ್ರತಿ ಸಿಗ್ನಲ್ಲಿನಲ್ಲೂ ನಿಂತು ನಿಂತು. ಮೇಲೆ ಹಾರಿಹೋಗುವ ಕಾರುಗಳನ್ನು ಓರೆಗಣ್ಣಿನಿಂದ ನೋಡಿ, "ಎಲ್ಲಿಗಿ ಹೊಂಟಾರ ಹಿಂಗ?" ಎಂದು ಕೇಳುತ್ತಿದ್ದರು.

ಆಮೇಲೆ ನಾವು ಪಕ್ಕದ ಊರಾದ ಪ್ಲೇನೋದಲ್ಲಿ ಮನೆ ಮಾಡಿಕೊಂಡೆವು. ಭಾನುವಾರ ಅವರು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದರು. ನನ್ನ ಮಗಳೂ ಹೋಗುತ್ತಿದ್ದಳು. ಅವರು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದು. ಇಬ್ಬರಿಗೂ ಅದರಲ್ಲೇನೂ ಕೊರತೆ ಕಾಣುತ್ತಿರಲಿಲ್ಲ.

ಎರಡು ಸಾವಿರದ ಎಂಟರ ನವೆಂಬರಿನಲ್ಲಿ ಚುನಾವಣೆ ಮುಗಿಯಿತು. ಹೊಸ ಅಧ್ಯಕ್ಷರು ಬಂದರೆ ಬಂದೂಕುಗಳ ಮೇಲೆ ಕಾನೂನು ತರುತ್ತಾರೆ, ಗುಂಡು ಸಿಗದ ಹಾಗೆ ಮಾಡುತ್ತಾರೆ ಎಂಬ ಮಾತು ಊರೆಲ್ಲ ಹಬ್ಬಿತು. ಫಲಿತಾಂಶ ಬಂದ ಮರುದಿನವೇ ಆಂಟಿಯ ಅಂಗಡಿಯ ಮುಂದೆ ಬೆಳಗಿನ ಮಂಜಿನಲ್ಲಿ ಸಾಲು ನಿಂತಿತ್ತಂತೆ. ಆಂಟಿ ಆ ವಾರ ನಮ್ಮ ಮನೆಗೆ ಬಂದಾಗ ದನಿ ಬಿದ್ದುಹೋಗಿತ್ತು. ಬಿಸಿನೀರು ಕುಡಿಯುತ್ತ ಹೇಳಿದರು: "ಹಲ್ಲಿನ ಡಾಕ್ಟರು ಬಂದಾನ, ಚರ್ಚಿನ್ಯಾಗ ಪಿಯಾನೋ ಬಾರಸೂ ಅಜ್ಜಿ ಬಂದಾಳ, ಕೂಸಿನ ಗಾಡಿ ತಳ್ಳಿಕೊಂಡು ಒಬ್ಬಾಕಿ ಬಂದಾಳ. ಕೂಸು ಇಳಿಸಿ ಗಾಡ್ಯಾಗ ಗುಂಡಿನ ಪೆಟಗಿ ತುಂಬಿಕೊಂಡ್ಳು. ಎಲ್ಲಾರೂ ಕೇಳೂದು ಒಂದ ಮಾತು: ಇನ್ನೂ ಐತೇನು?"

ನಮ್ಮವರೂ ಹಿಂದೆ ಬೀಳಲಿಲ್ಲ. ಆ ಸಲ ಹಬ್ಬ ಮುಗಿದ ಮೇಲೆ ಒಂದು ಶನಿವಾರ ಇಟ್ಟುಕೊಂಡ ದೀಪಾವಳಿ ಊಟದಲ್ಲಿ ಬಿಸಿಬೇಳೆ ಭಾತಿನ ತಟ್ಟೆ ಹಿಡಿದು ನಿಂತ ಗಂಡಸರು ಗುಂಡಿನ ಬೆಲೆಯನ್ನು ಚಿನ್ನದ ಬೆಲೆಯ ಹಾಗೆ ಮಾತಾಡುತ್ತಿದ್ದರು. ಜನ್ಮದಲ್ಲಿ ಬಂದೂಕು ಮುಟ್ಟದ ಒಬ್ಬ ಪ್ರಾಜೆಕ್ಟ್ ಮ್ಯಾನೇಜರ್ ಗ್ಯಾರೇಜಿನಲ್ಲಿ ನಾಲ್ಕು ಪೆಟ್ಟಿಗೆ ಇಟ್ಟಿದ್ದೇನೆಂದು ಹೇಳಿ, "ಆಂಟಿ, ಮುಂದಿನ ಟ್ರಕ್ ಯಾವಾಗ ಬರುತ್ತೆ, ನಮಗೊಂದು ಹಿಂಟ್ ಕೊಡಿ," ಎಂದು ಗೋಗರೆದ.

"ಬಂದೂಕು ಯಾವುದಪಾ ನಿನ್ನದು?"

"ಬಂದೂಕು ಇನ್ನೂ ತಗೊಂಡಿಲ್ಲ ಆಂಟಿ. ಮೊದಲು ಗುಂಡು. ಆಮೇಲೆ ಸಿಗಲ್ವಂತೆ."

ಆಂಟಿ ಅವನ ತಟ್ಟೆಗೆ ಇನ್ನೊಂದು ಸೌಟು ಭಾತು ಹಾಕಿದರು. "ಅಂಜಿಕಿಗೆ ಹೊಟ್ಟಿ ದೊಡ್ಡದು ತಮ್ಮಾ. ಎಷ್ಟು ಹಾಕಿದರೂ ತುಂಬೂದಿಲ್ಲ. ನೀ ಉಣ್ಣು."

ಡಿಸೆಂಬರಿನ ಮೊದಲ ವಾರ ನನ್ನ ಕೆಲಸ ಹೋಯಿತು. ಹತ್ತು ವರ್ಷ ಟೆಲಿಫೋನ್ ಕರೆಗಳನ್ನು ದಾರಿಗೆ ಹಚ್ಚುವ ಸಾಫ್ಟ್‌ವೇರ್ ಬರೆದಿದ್ದೆ. ಒಂದು ಬೆಳಗ್ಗೆ ಒಂದು ಚಿಕ್ಕ ಕೋಣೆಗೆ ಕರೆದು, ಬ್ಯಾಡ್ಜ್ ತೆಗೆದುಕೊಂಡು, ನನ್ನ ಸಾಮಾನಿಗೆ ಒಂದು ಪೆಟ್ಟಿಗೆ ಕೊಟ್ಟು ಕಳಿಸಿದರು. ಬ್ಯಾಡ್ಜ್ ತೂಗುಹಾಕುವ ಕೊರಳಿನ ದಾರ ಮಾತ್ರ ನನ್ನಲ್ಲೇ ಉಳಿಯಿತು. ಮನೆಗೆ ಹೋಗಿ ಹೆಂಡತಿಗೆ ಹೇಳಬೇಕು ಎಂದುಕೊಂಡೆ; ಅವಳು ಮಗಳ ಶಾಲೆಯ ನಾಟಕಕ್ಕೆ ಬಟ್ಟೆ ಹೊಲಿಯುತ್ತಿದ್ದಳು. ನಾಳೆ ಹೇಳೋಣ ಎಂದುಕೊಂಡೆ. ಮರುದಿನ ಬೆಳಗ್ಗೆ ಅವಳು ಊಟದ ಡಬ್ಬಿ ಕೈಗೆ ಕೊಟ್ಟಳು. ತೆಗೆದುಕೊಂಡು ಹೊರಟುಬಿಟ್ಟೆ.

ಹಾಗೆ ಆರು ವಾರ. ದಿನಾ ಆ ದಾರವನ್ನು ಕೊರಳಿಗೆ ಹಾಕಿಕೊಂಡು ಅದೇ ಹೊತ್ತಿಗೆ ಹೊರಡುವುದು, ಅದೇ ಹೊತ್ತಿಗೆ ಬರುವುದು. ನಡುವಿನ ಹೊತ್ತನ್ನು ರಸ್ತೆಗೆ ಕೊಟ್ಟೆ. ಕೆಲವು ದಿನ ಮೂರು ಗಂಟೆ ದೂರದ ಆಸ್ಟಿನ್ ತನಕ ಹೋಗಿ, ಊರೊಳಗೆ ಇಳಿಯದೆ, ತಿರುಗಿಸಿಕೊಂಡು ಬರುತ್ತಿದ್ದೆ. ಒಂದು ದಿನ ಹ್ಯೂಸ್ಟನ್ನಿನ ಎತ್ತರದ ಕಟ್ಟಡಗಳು ಹೊಗೆಯ ಹಾಗೆ ಕಾಣುವವರೆಗೂ ಹೋಗಿದ್ದೆ. ಎರಡೂ ಕಡೆ ಒಣಗಿದ ಹುಲ್ಲು, ದನಗಳು ನಿಂತಲ್ಲೇ ನಿಂತಿದ್ದವು. ಆಕಾಶ ಎಷ್ಟು ದೊಡ್ಡದಿತ್ತೆಂದರೆ ನಾನು ಅದರ ಕೆಳಗೆ ಚಲಿಸುತ್ತಿದ್ದೇನೆಯೇ ಎಂಬುದೇ ಅನುಮಾನವಾಗುತ್ತಿತ್ತು. ರೇಡಿಯೋದಲ್ಲಿ ಜನ ಕೂಗುತ್ತಿದ್ದರು: ಕಿತ್ತುಕೊಳ್ಳುತ್ತಾರೆ, ಈಗಲೇ ಕೊಳ್ಳಿ, ಇನ್ನು ಸಿಗುವುದಿಲ್ಲ. ಎಲ್ಲರೂ ಏನನ್ನೋ ಕಳೆದುಕೊಳ್ಳುವ ಭಯದಲ್ಲಿದ್ದರು. ನಾನು ಆಗಲೇ ಕಳೆದುಕೊಂಡು ಮುಗಿಸಿದ್ದೇನೆ ಅನ್ನಿಸುತ್ತಿತ್ತು. ಯಾವ ದಿನ, ಯಾವ ತಿರುವಿನಲ್ಲಿ ಆ ಕೆಟ್ಟ ಯೋಚನೆ ಕಾರಿನೊಳಗೆ ಬಂದು ಪಕ್ಕದ ಸೀಟಿನಲ್ಲಿ ಕುಳಿತಿತೋ ಗೊತ್ತಿಲ್ಲ. ಅದು ಗದ್ದಲ ಮಾಡಲಿಲ್ಲ. ಜೊತೆಯಲ್ಲಿ ಸುಮ್ಮನೆ ಬಂತು.

ಜನವರಿಯ ಒಂದು ಮಂಗಳವಾರ ಆ ಅಂಗಡಿಗೆ ಹೋದೆ. ಆಂಟಿಗೆ ಮಂಗಳವಾರ ರಜೆ ಎಂದು ನನಗೆ ಗೊತ್ತಿತ್ತು. ಹೊಸ ಅಧ್ಯಕ್ಷರು ಅಧಿಕಾರ ವಹಿಸಿಕೊಳ್ಳುವ ಹೊತ್ತು ಹತ್ತಿರ ಬಂದು ನೂಕುನುಗ್ಗಲು ಇನ್ನೂ ಹೆಚ್ಚಿತ್ತು; ಎಲ್ಲರ ರಜೆಯನ್ನೂ ತೆಗೆದಿದ್ದರೆಂದು ನನಗೆ ಗೊತ್ತಿರಲಿಲ್ಲ. ಸಾಲು ಮೀನಿನ ತೊಟ್ಟಿಯನ್ನು ಸುತ್ತಿಕೊಂಡು ನಿಂತಿತ್ತು. ಗುಂಡಿನ ಕಪಾಟುಗಳು ಮುಕ್ಕಾಲು ಖಾಲಿ. ಒಬ್ಬರಿಗೆ ಎರಡೇ ಪೆಟ್ಟಿಗೆ ಎಂದು ಕೈಬರಹದ ಚೀಟಿ ಅಂಟಿಸಿದ್ದರು. ನನ್ನ ಮುಂದಿನವನು ತನ್ನ ಪಾಲಿನ ಎರಡು, ಹೆಂಡತಿಯ ಪಾಲಿನ ಎರಡು, ಮುದಿ ತಾಯಿಯನ್ನು ವೀಲ್‌ಚೇರಿನಲ್ಲಿ ತಂದು ಆಕೆಯ ಪಾಲಿನ ಎರಡು ತೆಗೆದುಕೊಂಡ. ಅವನು ಪಕ್ಕಕ್ಕೆ ಸರಿದಾಗ ಗಾಜಿನಾಚೆ ಆಂಟಿ.

ಓಡಿಹೋಗಬಹುದಿತ್ತು. ಮುಂದೆ ಸರಿದು ಗಾಜಿನೆದುರು ನಿಂತೆ. ಅವರು ಆಶ್ಚರ್ಯ ತೋರಿಸಲಿಲ್ಲ. "ನೀನೂ ಬಂದ್ಯಾ?" ಎಂದು ದಣಿದ ದನಿಯಲ್ಲಿ ಕೇಳಿ ಫಾರ್ಮ್ ಕೊಟ್ಟರು. ಗ್ರೀನ್ ಕಾರ್ಡ್ ಇತ್ತು, ಕೊಳ್ಳಲು ಅಡ್ಡಿಯಿರಲಿಲ್ಲ. ಮನೆಯ ಸೇಫ್ಟಿಗೆ ಎಂದೆ. ತುಂಬಿಕೊಟ್ಟೆ. ಅವರ ಉಗುರು ಒಂದೊಂದೇ ಸಾಲಿನ ಕೆಳಗೆ ಸರಿದು ಕೊನೆಯವರೆಗೂ ಹೋಯಿತು.

"ಒಂದೂ ತಪ್ಪಿಲ್ಲ," ಎಂದರು. "ಗುಂಡು ಎಷ್ಟು ಬೇಕು? ಎರಡು ಪೆಟಗಿ ತನಕಾ ಕೊಡಬಹುದು."

"ಒಂದು ಸಣ್ಣದು ಸಾಕು ಆಂಟಿ."

ಅವರ ಕೈ ನಿಂತಿತು. "ಎರಡು ತಗೋ. ನಾಳೆ ಸಿಗಂಗಿಲ್ಲ."

"ಬೇಡ. ಒಂದೇ ಸಾಕು."

ಆಗ ಅವರು ತಲೆ ಎತ್ತಿ ನನ್ನನ್ನು ನೋಡಿದರು. ಎಷ್ಟು ಹೊತ್ತು ನೋಡಿದರೆಂದು ಹೇಳಲಾರೆ. ತೊಟ್ಟಿಯ ನೀರಿನ ಬೆಳಕು ಅವರ ಮುಖದ ಮೇಲೆ ಅಲ್ಲಾಡುತ್ತಿದ್ದದ್ದು ನೆನಪಿದೆ.

"ಎರಡು ತಿಂಗಳಾತು," ಎಂದರು ಮೆಲ್ಲಗೆ, "ಈ ಕೌಂಟರಿನ್ಯಾಗ ಸಾಕು ಅಂದಾಂವ ನೀ ಒಬ್ಬನ." ಆಮೇಲೆ, "ಕೊರಳಾಗ ದಾರ ಐತಿ, ಬ್ಯಾಡ್ಜ್ ಎಲ್ಲೈತಿ?"

ನಾನು ಕೊರಳು ಮುಟ್ಟಿಕೊಂಡೆ. ಅವರು ಫಾರ್ಮನ್ನು ಮಗುಚಿ ಗಾಜಿನ ಮೇಲಿಟ್ಟು ಅದರ ಮೇಲೆ ಅಂಗೈ ಇಟ್ಟರು. "ನಾ ಕೊಡಂಗಿಲ್ಲ ತಮ್ಮಾ."

ನನಗೆ ಎಲ್ಲಿಂದಲೋ ಸಿಟ್ಟು ಬಂತು. ಇಂಗ್ಲಿಷಿನಲ್ಲಿ ದನಿ ಏರಿಸಿದೆ: ಇದು ನನ್ನ ಹಕ್ಕು, ನೀವು ಯಾರು ಕೇಳೋಕೆ, ಮ್ಯಾನೇಜರನ್ನು ಕರೆಯಿರಿ. ನನ್ನ ಹಿಂದಿನವರೂ ದನಿಗೂಡಿಸಿದರು. ಅವನಿಗೆ ಕೊಟ್ಟುಬಿಡಮ್ಮಾ, ಸಾಲು ಮುಂದೆ ಹೋಗಲಿ ಎಂದು ಯಾರೋ ಕೂಗಿದ. ದಪ್ಪ ಹೊಟ್ಟೆಯ, ಕೆಂಪು ಮುಖದ ಮ್ಯಾನೇಜರ್ ಬೆವರು ಒರೆಸಿಕೊಳ್ಳುತ್ತ ಬಂದ. ಆಂಟಿ ಅವನಿಗೆ ಒಂದೇ ಮಾತು ಹೇಳಿದರು: ಈ ಮಾರಾಟ ನಾನು ಮಾಡುವುದಿಲ್ಲ, ಬೇರೆಯವರ ಕೈಯಿಂದಲೂ ಮಾಡಿಸಬೇಡ. ಅವನು ಅವರನ್ನೂ ನನ್ನನ್ನೂ ನೋಡಿದ. "ಆಕೆ ಇಲ್ಲ ಅಂದರೆ ಇಲ್ಲ ಸರ್," ಎಂದ.

"ನಾನು ಊಟಕ್ಕೆ ಹೋಗ್ತಿದ್ದೇನೆ," ಎಂದರು ಆಂಟಿ ಅವನಿಗೆ.

"ಈಗಾ? ಈ ಸಾಲು ನೋಡು."

"ಈಗಲೇ."

ಕೌಂಟರ್ ಸುತ್ತಿ ಬಂದು ನನ್ನ ಲ್ಯಾಪ್‌ಟಾಪ್ ಬ್ಯಾಗಿನ ಪಟ್ಟಿ ಹಿಡಿದರು. ಎಮ್ಮೆಕರುವನ್ನು ಎಳೆದೊಯ್ಯುವ ಹಾಗೆ ತೊಟ್ಟಿಯ ಆ ಬದಿಯ ಬೆಂಚಿಗೆ ಎಳೆದೊಯ್ದು ಕೂರಿಸಿದರು. ಪಟ್ಟಿಯನ್ನು ಬಿಡಲಿಲ್ಲ. ಇನ್ನೊಂದು ಕೈಯಿಂದ ತಮ್ಮ ಡಬ್ಬಿ ತೆಗೆದು ಅರ್ಧ ರೊಟ್ಟಿ ಮುರಿದು ನನ್ನ ತೊಡೆಯ ಮೇಲಿಟ್ಟರು. ನಮ್ಮೆದುರು ಗಾಜಿನೊಳಗೆ ತೋಳುದ್ದದ ಮೀನುಗಳು ಬಾಯಿ ತೆರೆದು ಮುಚ್ಚುತ್ತ ತೇಲುತ್ತಿದ್ದವು. ಅವುಗಳಾಚೆ, ನೀರಿನ ಮೂಲಕ, ಸಾಲಿನಲ್ಲಿ ನಿಂತವರೆಲ್ಲ ಉದ್ದುದ್ದವಾಗಿ, ಮೆತ್ತಗೆ ಕಾಣುತ್ತಿದ್ದರು. ಗದ್ದಲ ಎಲ್ಲೋ ದೂರದಲ್ಲಿತ್ತು.

"ನಿನ್ನ ಕೆಲಸ ಏನಿತ್ತಪಾ? ಇಷ್ಟು ವರ್ಷ ನಾ ಕೇಳೇ ಇಲ್ಲ ನೋಡು."

ಹೇಳಿದೆ. ಒಬ್ಬ ಫೋನೆತ್ತಿ ನಂಬರ್ ಒತ್ತಿದಾಗ ಆ ಕರೆ ಯಾವ ದಾರಿ ಹಿಡಿಯಬೇಕು, ಒಂದು ದಾರಿ ಕಟ್ಟಿಹೋದರೆ ಇನ್ನೊಂದನ್ನು ಹೇಗೆ ಹುಡುಕಬೇಕು, ಅದನ್ನು ನಾವು ಹೇಗೆ ಬರೆದೆವು. ಎಷ್ಟು ಹೊತ್ತು ಹೇಳಿದೆನೋ. ಆರು ವಾರದಲ್ಲಿ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ಅವರು ತಲೆದೂಗುತ್ತ ಕೇಳಿದರು. ಅರ್ಥವಾಗದ ಕಡೆ, "ತಡಿ, ಅದನ್ನ ಇನ್ನೊಮ್ಮೆ ಹೇಳು," ಎಂದರು. ನಾನು ಮುಗಿಸಿದ ಮೇಲೆ, ಚಟ್ನಿ ಬೇಕೇನು ಎಂದು ಕೇಳುವಷ್ಟು ಸರಳವಾಗಿ ಕೇಳಿದರು:

"ಸಾಯಬೇಕಂತ ಬಂದಿದ್ದೇನು?"

ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಕೇಳುವವರಿದ್ದಾರೆಂದೂ ನಾನು ಅಂದುಕೊಂಡಿರಲಿಲ್ಲ. "ಹೂಂ," ಎಂದೆ. ಆ ಒಂದು ಸದ್ದಿನ ಹಿಂದೆ ಅಳು ಬಂತು. ಆಂಟಿ ನನ್ನ ಬೆನ್ನು ಸವರಲಿಲ್ಲ, ಬುದ್ಧಿ ಹೇಳಲಿಲ್ಲ. ಪಟ್ಟಿ ಹಿಡಿದುಕೊಂಡು ಪಕ್ಕದಲ್ಲಿ ಕುಳಿತರು, ಅಷ್ಟೇ.

ನನ್ನ ಕಾರು ಅಂಗಡಿಯ ಮುಂದೆಯೇ ಉಳಿಯಿತು. ಅವರ ಹಳೇ ಕಾರಿನಲ್ಲಿ, ಸರ್ವೀಸ್ ರೋಡಿನಲ್ಲಿ, ನನ್ನನ್ನು ಪ್ಲೇನೋಗೆ ಕರೆದುಕೊಂಡು ಹೊರಟರು. ಹದಿನೈದು ನಿಮಿಷದ ದಾರಿ ಮುಕ್ಕಾಲು ಗಂಟೆಯಾಯಿತು. ಪ್ರತಿ ಸಿಗ್ನಲ್ಲಿನಲ್ಲೂ ಕೆಂಪು. ಟೈರ್ ಅಂಗಡಿ, ಚರ್ಚು, ಪ್ಯಾನ್‌ಕೇಕ್ ಹೋಟೆಲು, ಮತ್ತೆ ಚರ್ಚು. ಆರು ವಾರ ಹೈವೇ ಮೇಲಿಂದ ಇವನ್ನೆಲ್ಲ ದಾಟಿಹೋಗಿದ್ದೆ, ಒಂದನ್ನೂ ನೋಡಿರಲಿಲ್ಲ.

"ಅವಳಿಗೆ ಹೇಳಬೇಡಿ ಆಂಟಿ," ಎಂದೆ ನಮ್ಮ ಬೀದಿ ಬಂದಾಗ.

"ನಾ ಯಾಕ ಹೇಳಲಿ? ನೀ ಹೇಳತಿ. ನೀ ಹೇಳೂತನಕಾ ನಾ ನಿಮ್ಮ ಮನ್ಯಾಗ ಕುಂತಿರತೀನಿ. ನನಗೇನು ಕೆಲಸಿಲ್ಲ."

ಹಾಗೇ ಮಾಡಿದರು. ಸೋಫಾದ ತುದಿಯಲ್ಲಿ, ಖಾಕಿ ಅಂಗಿಯಲ್ಲಿ, ಪರ್ಸನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಹೆಂಡತಿ ಕಾಫಿ ತಂದಳು, ಕುಡಿದರು. ಏನಾಯ್ತು ಎಂದು ಅವಳು ಕಣ್ಣಿನಲ್ಲೇ ಕೇಳುತ್ತಿದ್ದಳು. ಆಂಟಿ ಗೋಡೆ ನೋಡಿದರು. ಕೊನೆಗೆ ಹೇಳಿದೆ. ಮೊದಲು ಕೆಲಸದ ವಿಷಯ, ಆಮೇಲೆ ಇನ್ನೊಂದು.

ಅವಳು ಆಂಟಿಯ ಖಾಲಿ ಲೋಟವನ್ನು ಎತ್ತಿ ಪಕ್ಕಕ್ಕಿಟ್ಟಳು. ಆಮೇಲೆ ಕೇಳಿದ್ದು ಇಷ್ಟು: "ಆರು ವಾರ ನನ್ನ ಡಬ್ಬಿ ಎಲ್ಲಿ ಕೂತು ತಿಂತಿದ್ದೆ?"

"ಕಾರಲ್ಲಿ."

"ಒಬ್ಬನೇ?"

ಅಷ್ಟು ಕೇಳಿ ಅವಳು ನನ್ನ ಅಂಗಿಯ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಆಂಟಿ ಆಗ ಎದ್ದು ಅಡುಗೆಮನೆಗೆ ಹೋಗಿ ಅನ್ನಕ್ಕಿಟ್ಟರು. ಶಾಲೆಯಿಂದ ಬಂದ ಮಗಳಿಗೆ ಬಾಗಿಲಲ್ಲೇ, "ಬಾರವಾ, ನಾವಿಬ್ರೂ ಉಣ್ಣೂಣು, ಅವರು ಮಾತಾಡಲಿ," ಎಂದು ಹೇಳಿದ್ದು ಕೇಳಿಸಿತು.

ಮರುದಿನವೇ ಡಾಕ್ಟರ ಹತ್ತಿರ ಹೋದೆವು. ಔಷಧಿ, ವಾರಕ್ಕೊಮ್ಮೆ ಕೌನ್ಸೆಲರ್ ಜೊತೆ ಮಾತು. ಎಲ್ಲ ಒಂದೇ ದಿನದಲ್ಲಿ ಸರಿಹೋಗಲಿಲ್ಲ. ಫೆಬ್ರವರಿ ಇಡೀ ಒಂದು ಬೂದು ಬಣ್ಣದ ಕನಸಿನ ಹಾಗಿತ್ತು. ಆಂಟಿ ದಿನ ಬಿಟ್ಟು ದಿನ ಬರುತ್ತಿದ್ದರು. ನನ್ನ ಆರೋಗ್ಯ ವಿಚಾರಿಸುತ್ತಿರಲಿಲ್ಲ. ಅಂಗಡಿಯ ಸುದ್ದಿ ಹೇಳುತ್ತಿದ್ದರು. ಕಪಾಟುಗಳು ಪೂರ್ತಿ ಖಾಲಿಯಾದವಂತೆ. ಟ್ರಕ್ ಬರುವ ದಿನ ಜನ ಮಡಚುವ ಕುರ್ಚಿ ತಂದು ಬಾಗಿಲಲ್ಲಿ ಕೂರುತ್ತಾರಂತೆ. ಮೊಲ ಹೊಡೆಯುವ ಸಣ್ಣ ಗುಂಡು ಸಹ ಇಲ್ಲವಂತೆ. ನನ್ನ ಸಲುವಾಗಿ ಸಾಲು ಬಿಟ್ಟು ಹೋದದ್ದಕ್ಕೆ ಮ್ಯಾನೇಜರ್ ಅವರಿಗೆ ಒಂದು ಎಚ್ಚರಿಕೆಯ ಚೀಟಿ ಕೊಟ್ಟಿದ್ದ. ಅದನ್ನು ಫ್ರಿಜ್ಜಿನ ಮೇಲೆ ಅಂಟಿಸಿಕೊಂಡಿದ್ದರು. "ಸಾಲ್ಯಾಗ, ಇಲ್ಲಿ, ಸೇರಿ ಮೂವತ್ತು ವರ್ಷ ಮಂದಿಗೆ ಕೆಂಪು ಗೆರಿ ಹಾಕಿದೆ. ನನಗೂ ಒಂದು ಬಿತ್ತು, ಇರಲಿ."

ಏಪ್ರಿಲ್ಲಿನಲ್ಲಿ ಆಂಟಿ ಕೆಲಸ ಬಿಟ್ಟು ಮಗಳ ಮನೆಗೆ, ಹ್ಯೂಸ್ಟನ್ ಆಚೆಯ ಫುಲ್‌ಶೀರಿಗೆ ಹೊರಟರು. ಅಷ್ಟು ದೂರ ಸರ್ವೀಸ್ ರೋಡಿನಲ್ಲಿ ಹೋಗಲಾಗುವುದಿಲ್ಲ. ನಾನೇ ಬಿಟ್ಟುಬರುತ್ತೇನೆ ಎಂದೆ. ಹೈವೇ ಹತ್ತಿದ ಕೂಡಲೇ ಅವರು ಕಣ್ಣು ಮುಚ್ಚಿದರು. ಎರಡೂ ಬದಿಗೆ ಮೈಲಿಗಟ್ಟಲೆ ನೀಲಿ ಹೂಗಳು ಅರಳಿದ್ದವು. "ಆಂಟಿ, ಹೂ ನೋಡಿ," ಎಂದರೆ, "ನೀನ ನೋಡು, ನನಗ ಹೇಳು," ಎಂದರು. ಹೇಳುತ್ತ ಹೋದೆ.

ಅರ್ಧ ದಾರಿಯಲ್ಲಿ ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿ, ನೆರಳಿನ ಬೆಂಚಿನಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದಾಗ, ನಾನು ತಿಂಗಳುಗಳಿಂದ ಕೇಳಬೇಕೆಂದಿದ್ದನ್ನು ಕೇಳಿದೆ. "ಆವತ್ತು ನಿಮಗೆ ಹೇಗೆ ಗೊತ್ತಾಯ್ತು ಆಂಟಿ?"

ಅವರು ಕಪ್ಪಿನ ಮುಚ್ಚಳವನ್ನು ತೆಗೆದರು, ಹಾಕಿದರು. "ಅದರ ಹಿಂದಿನ ವರ್ಷ ಒಬ್ಬ ಬಂದಿದ್ದ. ಮುದುಕ. ಇಸ್ತ್ರಿ ಅಂಗಿ. ಗದ್ದಲ ಇನ್ನೂ ಸುರು ಆಗಿರಲಿಲ್ಲ, ಅಂಗಡ್ಯಾಗ ಅವ, ನಾ, ಇಬ್ಬರ. ಕೌಂಟಿ ಇದ್ದಲ್ಲಿ ದೇಶ ಬರದಿದ್ದ. ತಿದ್ದಿಸಿದೆ. ಥ್ಯಾಂಕ್ಸ್ ಅಂದ. ಒಂದು ಸಣ್ಣ ಪೆಟಗಿ ಸಾಕು ಅಂದ. ಎಂಟು ದಿನದ ಮ್ಯಾಲೆ ಇಬ್ಬರು ಪೊಲೀಸರು ಆ ಫಾರ್ಮ್ ಕೇಳಿಕೊಂಡು ಬಂದ್ರು. ಕೆಳಗ ನನ್ನ ಸಹಿ."

ಒಂದು ದೊಡ್ಡ ಟ್ರಕ್ ನಮ್ಮ ಮುಂದೆ ಹಾದುಹೋಯಿತು. ಅದರ ಸದ್ದು ಪೂರ್ತಿ ಅಡಗುವ ತನಕ ಅವರು ಕಾದರು.

"ನಾ ಅಕ್ಷರ ನೋಡಿದೆ ತಮ್ಮಾ. ಅವನ ಮಾರಿ ನೋಡಲಿಲ್ಲ."

"ಆಮೇಲೂ ಅಲ್ಲೇ ಇದ್ರಲ್ಲ ಆಂಟಿ?"

"ನಾ ಬಿಟ್ಟರ ಅಲ್ಲಿ ಯಾರು ನಿಂದ್ರತಾರ? ಮತ್ತೊಬ್ಬ ಅಕ್ಷರ ನೋಡಾಂವ. ನನಗರ ಒಂದು ಪಾಠ ಆಗಿತ್ತು."

"ಮತ್ತೆ ಈಗ ಯಾಕೆ ಬಿಟ್ರಿ?"

"ಸಾಲು ಭಾಳ ಉದ್ದ ಆಗೇತಿ," ಎಂದರು. "ಮಂದಿ ಮಾರಿ ನೋಡಾಕ ಹೊತ್ತು ಸಿಗವಲ್ದು."

ಮತ್ತೆ ಕಾರು ಹತ್ತಿದೆವು. ಅವರು ಕಣ್ಣು ಮುಚ್ಚಿಕೊಂಡರು. ಆ ರೆಪ್ಪೆಗಳ ಹಿಂದೆ ಅವರು ಬರೀ ಹೈವೇಯನ್ನಷ್ಟೇ ಮುಚ್ಚಿಡುತ್ತಿಲ್ಲ ಎಂದು ನನಗೆ ಆಗ ಅನ್ನಿಸಿತು.

ಫುಲ್‌ಶೀರ್ ಆಗಿನ್ನೂ ಅರ್ಧ ಹೊಲ, ಅರ್ಧ ಹೊಸ ಮನೆಗಳು. ಮರಗಳು ಆಳೆತ್ತರ ಕೂಡ ಬೆಳೆದಿರಲಿಲ್ಲ. ಕೋಲಿಗೆ ಕಟ್ಟಿ ನಿಲ್ಲಿಸಿದ್ದರು. ಸಾಮಾನು ಇಳಿಸಿ, ಸಂಜೆಯೊಳಗೆ ಪ್ಲೇನೋ ಸೇರಬೇಕೆಂದು ಹೊರಟರೆ ಆಂಟಿ ಬಿಡಲಿಲ್ಲ. ಮಗಳು ಊಟ ಹಾಕಿದಳು. ಉಂಡ ಮೇಲೆ, "ಒಂದೀಟು ಅಡ್ಡಾಗು," ಎಂದು ತಮಗಾಗಿ ಇಟ್ಟಿದ್ದ ಕೋಣೆಯನ್ನು ತೋರಿಸಿದರು. ಮಂಚ ಇನ್ನೂ ಬಂದಿರಲಿಲ್ಲ. ಹೊಸ ಕಾರ್ಪೆಟ್ಟಿನ ಮೇಲೆ, ಕಿಟಕಿಯಿಂದ ಬಿದ್ದ ಬಿಸಿಲಿನ ಪಕ್ಕದಲ್ಲಿ ಮಲಗಿದೆ. ಔಷಧಿಯ ನಿದ್ದೆಯಲ್ಲದ ನಿದ್ದೆಯನ್ನು ನಾನು ಎಷ್ಟೋ ಕಾಲದಿಂದ ಕಂಡಿರಲಿಲ್ಲ. ಅದು ಅಲ್ಲಿ ಬಂತು, ಯಾರೋ ತುಂಬ ದೂರದಿಂದ ನಡೆದುಬಂದು ಪಕ್ಕದಲ್ಲಿ ಕುಳಿತ ಹಾಗೆ.

ಎಚ್ಚರವಾದಾಗ ಬಿಸಿಲು ಹೋಗಿ ಕೋಣೆ ತಿಳಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಎಲ್ಲಿದ್ದೇನೆಂದು ಕ್ಷಣ ತಿಳಿಯಲಿಲ್ಲ. ಮೈಮೇಲೆ ಒಂದು ಕೌದಿ ಇತ್ತು, ಯಾರು ಹೊದಿಸಿದರೋ. ಬಾಗಿಲ ಹೊರಗೆ ಆಂಟಿ ಫೋನಿನಲ್ಲಿ ನನ್ನ ಹೆಂಡತಿಯ ಜೊತೆ ಮಾತಾಡುತ್ತಿದ್ದರು. "ಮಲಗ್ಯಾನವಾ. ಇಲ್ಲ, ಎಬ್ಬಸಂಗಿಲ್ಲ. ನಾಳೆ ಬರತಾನ. ನೀ ಬಾಗಿಲಾ ಹಾಕ್ಕೊಂಡು ಆರಾಮ ಮಲಕ್ಕೋ."

ಫೋನ್ ಇಟ್ಟ ಸದ್ದಾಯಿತು. ಬಾಗಿಲು ಒಂದಿಷ್ಟು ಸರಿದು, ಅವರ ಐದು ವರ್ಷದ ಮೊಮ್ಮಗಳ ಪಿಸುದನಿ ಕೇಳಿಸಿತು. "ಹೂ ಈಸ್ ಹಿ, ಅಜ್ಜಿ?"

"ಶ್ಶ್. ನಮ್ಮಾಂವ."

ಎದ್ದು ಕೂರಬೇಕೆಂದಿದ್ದವನು ಕಣ್ಣು ಮುಚ್ಚಿಕೊಂಡೆ. ಅವರು ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡರು. ಅಡುಗೆಮನೆಯಲ್ಲಿ ಯಾರೋ ನಲ್ಲಿ ತಿರುಗಿಸಿದರು. ಆ ನೀರಿನ ಸದ್ದು ಕೇಳುತ್ತ ಕೇಳುತ್ತ ನನಗೆ ಮತ್ತೆ ನಿದ್ದೆ ಬಂತು.